ಶಕ್ತಿ ತರಬೇತಿ ಕಾರ್ಯಕ್ರಮದ ವಿನ್ಯಾಸ

ಶಕ್ತಿ ತರಬೇತಿ ಕಾರ್ಯಕ್ರಮದ ವಿನ್ಯಾಸ ಎಂದರೆ ಕ್ರೀಡಾಪಟು ಅಥವಾ ಸಾಮಾನ್ಯ ಅಭ್ಯಾಸಿಯ ಸ್ನಾಯುಬಲವನ್ನು ಹೆಚ್ಚಿಸಲು ಯಾವ ವ್ಯಾಯಾಮವನ್ನು, ಎಷ್ಟು ಭಾರದಿಂದ, ಎಷ್ಟು ಬಾರಿ, ಯಾವ ಕ್ರಮದಲ್ಲಿ, ಎಷ್ಟು ವಿಶ್ರಾಂತಿಯೊಂದಿಗೆ ಮಾಡಬೇಕೆಂದು ಮುಂಚಿತವಾಗಿ ನಿರ್ಧರಿಸುವ ಮತ್ತು ಫಲಿತಾಂಶವನ್ನು ದಾಖಲಿಸಿ ಪರಿಷ್ಕರಿಸುವ ವಿಧಾನವಾಗಿದೆ. ಇದು ಕ್ರೀಡಾ ವಿಜ್ಞಾನದ ಒಂದು ಅಂಗ. ಒಂದೇ ವ್ಯಾಯಾಮವು ಒಬ್ಬರಿಗೆ ಬಲವನ್ನೂ ಇನ್ನೊಬ್ಬರಿಗೆ ಗಾಯವನ್ನೂ ತರಬಲ್ಲದು. ಆದ್ದರಿಂದ ಅಭ್ಯಾಸಿಯ ವಯಸ್ಸು, ಆರೋಗ್ಯ, ದಿನನಿತ್ಯದ ದುಡಿಮೆ, ಆಹಾರ ಮತ್ತು ಗುರಿಗಳನ್ನು ತಿಳಿದ ನಂತರವೇ ವ್ಯಾಯಾಮಗಳ ಆಯ್ಕೆ ನಡೆಯಬೇಕೆಂಬುದು ಈ ವಿಧಾನದ ಆಧಾರ ತತ್ತ್ವ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಗರಡಿಮನೆಗಳ ದೀರ್ಘ ಪರಂಪರೆಯಿದೆ. ಬಾರ್ಬೆಲ್ ವ್ಯಾಯಾಮವನ್ನೂ ದೇಶೀಯ ಸಾಧನೆಯನ್ನೂ ಜೋಡಿಸಿ ಲಿಖಿತ ಪಾಠಕ್ರಮವಾಗಿ ಬೋಧಿಸಿದ ಕೆ. ವಿ. ಅಯ್ಯರ್ ಅವರು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದವರು.

ಇತಿಹಾಸ

ಪ್ರಾಚೀನ ಮತ್ತು ಮಧ್ಯಕಾಲ

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅದರಲ್ಲಿ ಮಲ್ಲರನ್ನು ವಯಸ್ಸು, ದೇಹಗಾತ್ರ ಮತ್ತು ಬಲಗಳಿಗೆ ಅನುಸಾರವಾಗಿ ವರ್ಗೀಕರಿಸಲಾಗಿದೆ. ಮರಳು ತುಂಬಿದ ಚೀಲವನ್ನು ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಮೊದಲಾದ ಅಭ್ಯಾಸಗಳನ್ನೂ ಮಲ್ಲರ ಆಹಾರವನ್ನೂ ಅದು ವಿವರಿಸುತ್ತದೆ. ಅಭ್ಯಾಸಿಯನ್ನು ಮೊದಲು ವರ್ಗೀಕರಿಸಿ ನಂತರ ಶ್ರಮವನ್ನು ನಿಗದಿಪಡಿಸುವ ಈ ಕ್ರಮ ಇಂದಿನ ವಿನ್ಯಾಸದಲ್ಲಿಯೂ ಮೊದಲ ಹೆಜ್ಜೆಯಾಗಿದೆ.

ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವಿಕೆ, ಮಲ್ಲಕಂಬ ಮತ್ತು ಗರಡಿಮಣ್ಣು ಅಗೆಯುವಿಕೆ ಮುಖ್ಯ ಬಲವರ್ಧನ ಅಭ್ಯಾಸಗಳಾಗಿದ್ದವು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಮತ್ತು ಗುಂಡುಕಲ್ಲು ಎತ್ತುವ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ.

ಕೆ. ವಿ. ಅಯ್ಯರ್ ಮತ್ತು ಲಿಖಿತ ಪಾಠಕ್ರಮ

1904–05ರಲ್ಲಿ ಯೂಜಿನ್ ಸ್ಯಾಂಡೋ ಭಾರತ ಪ್ರವಾಸ ಕೈಗೊಂಡ ನಂತರ ಡಂಬೆಲ್ ಮತ್ತು ಬಾರ್ಬೆಲ್‌ಗಳ ಬಳಕೆ ನಗರಗಳಲ್ಲಿ ಹೆಚ್ಚಿತು. ಈ ಹೊಸ ಪದ್ಧತಿಯನ್ನು ಕರ್ನಾಟಕದಲ್ಲಿ ಬೆಳೆಸಿದವರಲ್ಲಿ ಕೋಲಾರ ವೆಂಕಟೇಶ ಅಯ್ಯರ್ ಪ್ರಮುಖರು. ಇವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದರು. ಮುಂದೆ ಜೆ. ಸಿ. ರಸ್ತೆಯ ಇವರ ವ್ಯಾಯಾಮಶಾಲೆ ಹೆಸರಾಯಿತು. ಅಂಚೆಯ ಮೂಲಕ ಪಾಠ ಕಳುಹಿಸುವ ಶಿಕ್ಷಣವನ್ನೂ ನಡೆಸಿದರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್' ಮತ್ತು 1937ರಲ್ಲಿ 'ಸೂರ್ಯನಮಸ್ಕಾರ'ವನ್ನು ಕುರಿತ ಪುಸ್ತಕವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಬಾರ್ಬೆಲ್ ವ್ಯಾಯಾಮದೊಡನೆ ಸೂರ್ಯನಮಸ್ಕಾರ ಮತ್ತು ಆಸನಗಳನ್ನು ಸೇರಿಸಿದ್ದು ಇವರ ಪದ್ಧತಿಯ ವೈಶಿಷ್ಟ್ಯ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಪ್ರೋತ್ಸಾಹವೂ ಇವರಿಗೆ ದೊರೆತಿತ್ತು. ಕನ್ನಡ ಓದುಗರು ಇವರನ್ನು 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಬಲ್ಲರು. ಅಯ್ಯರ್ 1980ರಲ್ಲಿ ನಿಧನರಾದರು.

ಅಂಚೆ ಶಿಕ್ಷಣದಲ್ಲಿ ಗುರು ಶಿಷ್ಯನ ಎದುರಿಗೆ ಇರುವುದಿಲ್ಲ. ವ್ಯಾಯಾಮದ ಹೆಸರು, ಭಂಗಿ, ಸಂಖ್ಯೆ ಮತ್ತು ಕ್ರಮವನ್ನು ಬರಹದಲ್ಲಿಯೇ ಸ್ಪಷ್ಟಪಡಿಸಬೇಕಾಗುತ್ತದೆ. ಲಿಖಿತ ಕಾರ್ಯಕ್ರಮದ ಅನುಕೂಲವೂ ಮಿತಿಯೂ ಇದರಲ್ಲಿಯೇ ಇವೆ: ಬರಹವು ಪ್ರಮಾಣವನ್ನು ನಿಖರವಾಗಿ ತಿಳಿಸಬಲ್ಲದು, ಆದರೆ ಅಭ್ಯಾಸಿಯ ಭಂಗಿಯ ದೋಷವನ್ನು ತಾನಾಗಿ ಕಾಣಲಾರದು.

ವೈಜ್ಞಾನಿಕ ಬೆಳವಣಿಗೆ

ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಎರಡನೇ ಮಹಾಯುದ್ಧದ ಗಾಯಾಳು ಸೈನಿಕರ ಚಿಕಿತ್ಸೆಯಲ್ಲಿ ಭಾರವನ್ನು ಹಂತಹಂತವಾಗಿ ಏರಿಸುವ ಕ್ರಮವನ್ನು ರೂಪಿಸಿ 1945ರಲ್ಲಿ ಪ್ರಕಟಿಸಿದರು. 1948ರ ಹೊತ್ತಿಗೆ ಅದು 3 ಸೆಟ್‌ಗಳ ಸರಳ ರೂಪ ಪಡೆಯಿತು. ಒಬ್ಬರು 10 ಬಾರಿ ಮಾತ್ರ ಎತ್ತಬಲ್ಲ ಭಾರದ ಶೇ. 50, ಶೇ. 75 ಮತ್ತು ಶೇ. 100ರಷ್ಟನ್ನು ಕ್ರಮವಾಗಿ ತಲಾ 10 ಬಾರಿ ಎತ್ತುವುದು ಈ ವಿಧಾನ. 1960ರ ದಶಕದಲ್ಲಿ ಸೋವಿಯತ್ ವಿದ್ವಾಂಸ ಲೆವ್ ಮಾತ್ವೇಯೆವ್ ಇಡೀ ವರ್ಷದ ತರಬೇತಿಯನ್ನು ಘಟ್ಟಗಳಾಗಿ ವಿಭಜಿಸುವ ಸಿದ್ಧಾಂತವನ್ನು ವ್ಯವಸ್ಥಿತವಾಗಿ ಮಂಡಿಸಿದರು.

ಮೂಲ ತತ್ತ್ವಗಳು

• ಕ್ರಮವೃದ್ಧಿ: ದೇಹವು ರೂಢಿಯ ಶ್ರಮಕ್ಕಿಂತ ತುಸು ಹೆಚ್ಚಿನ ಶ್ರಮಕ್ಕೆ ಒಳಗಾದಾಗ ಬಲ ಹೆಚ್ಚುತ್ತದೆ. ನಿಗದಿತ ಸಂಖ್ಯೆಗಿಂತ 1–2 ರೆಪ್ ಹೆಚ್ಚಾಗಿ ಮಾಡಲು ಸಾಧ್ಯವಾದಾಗ ಭಾರವನ್ನು ಶೇ. 2ರಿಂದ ಶೇ. 10ರಷ್ಟು ಏರಿಸಬಹುದೆಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಶಿಫಾರಸು ಮಾಡಿತು.
• ನಿರ್ದಿಷ್ಟತೆ: ಯಾವ ಚಲನೆ, ವೇಗ ಮತ್ತು ಭಾರವನ್ನು ಅಭ್ಯಾಸ ಮಾಡಲಾಗುವುದೋ ಅದರಲ್ಲಿಯೇ ಹೆಚ್ಚಿನ ಪ್ರಗತಿ ಕಾಣುತ್ತದೆ. ದಿನಕ್ಕೆ 200 ಬಸ್ಕಿ ಮಾಡುವವರ ಸಹನಶಕ್ತಿ ಬೆಳೆಯುತ್ತದೆ, ಆದರೆ ಭಾರವಾದ ಬಾರ್ಬೆಲ್ ಎತ್ತುವ ಬಲ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ.
• ವ್ಯಕ್ತಿಭೇದ: ಒಂದೇ ಕಾರ್ಯಕ್ರಮಕ್ಕೆ ಇಬ್ಬರ ದೇಹಗಳು ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ.
• ಚೇತರಿಕೆ: ಬಲ ಹೆಚ್ಚುವುದು ವ್ಯಾಯಾಮದ ನಂತರದ ವಿಶ್ರಾಂತಿಯಲ್ಲಿ. ಆರಂಭಿಕರಲ್ಲಿ ಒಂದೇ ಸ್ನಾಯುಗುಂಪಿನ ಎರಡು ತರಬೇತಿಗಳ ನಡುವೆ ಸಾಮಾನ್ಯವಾಗಿ 48 ಗಂಟೆಗಳ ಅಂತರ ಇಡಲಾಗುತ್ತದೆ.
• ಹಿಮ್ಮರಳಿಕೆ: ಅಭ್ಯಾಸ ನಿಂತರೆ ಗಳಿಸಿದ ಬಲ ಕ್ರಮೇಣ ಕುಗ್ಗುತ್ತದೆ.

ತರಬೇತಿಯ ಮೊದಲ ಕೆಲವು ವಾರಗಳಲ್ಲಿ ಕಾಣುವ ಬಲವೃದ್ಧಿಯು ಬಹುಪಾಲು ನರವ್ಯೂಹದ ಹೊಂದಾಣಿಕೆಯಿಂದ ಉಂಟಾಗುತ್ತದೆ. ಅಂದರೆ ಇರುವ ಸ್ನಾಯುತಂತುಗಳನ್ನೇ ಹೆಚ್ಚು ಸಮರ್ಥವಾಗಿ ಬಳಸಲು ದೇಹ ಕಲಿಯುತ್ತದೆ. ಸ್ನಾಯುವಿನ ಗಾತ್ರ ನಂತರ ಬೆಳೆಯುತ್ತದೆ. ಸ್ನಾಯುರಜ್ಜು ಮತ್ತು ಅಸ್ಥಿಬಂಧಗಳು ಇನ್ನೂ ನಿಧಾನವಾಗಿ ಗಟ್ಟಿಯಾಗುತ್ತವೆ. ಎರಡು ತಿಂಗಳಲ್ಲಿ ಭಾರ ಬೇಗ ಏರಿತೆಂದು ಅದೇ ವೇಗವನ್ನು ಮುಂದುವರಿಸುವ ಆರಂಭಿಕರಿಗೆ ಮೊಣಕಾಲು, ಭುಜ ಮತ್ತು ಮೊಣಕೈಗಳ ನೋವು ಬರಲು ಇದೂ ಒಂದು ಕಾರಣ.

ಪೂರ್ವಪರಿಶೀಲನೆ

ಕಾರ್ಯಕ್ರಮ ಬರೆಯುವ ಮೊದಲು ಆರೋಗ್ಯ, ದುಡಿಮೆ ಮತ್ತು ಚಲನೆ ಎಂಬ ಮೂರು ವಿಷಯಗಳನ್ನು ಪರಿಶೀಲಿಸಲಾಗುತ್ತದೆ.

ಆರೋಗ್ಯ

ಎದೆನೋವು, ತಲೆಸುತ್ತು, ಅಧಿಕ ರಕ್ತದೊತ್ತಡ, ಮಧುಮೇಹ, ಹಿಂದಿನ ಗಾಯ, ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ ಮತ್ತು ಸೇವಿಸುತ್ತಿರುವ ಔಷಧಗಳ ವಿವರವನ್ನು ಪ್ರಶ್ನಾವಳಿಯ ಮೂಲಕ ಪಡೆಯಲಾಗುತ್ತದೆ. ಸಂದೇಹವಿದ್ದಲ್ಲಿ ವೈದ್ಯರ ಒಪ್ಪಿಗೆ ಪಡೆದ ನಂತರವೇ ತರಬೇತಿ ಆರಂಭಿಸಬೇಕು.

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಸೇರುತ್ತದೆ. ಈ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಗಿಂತ ಹೆಚ್ಚಾಗಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿ.ಗ್ರಾಂವರೆಗೆ ಅನುಮತಿಯಿದೆ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಸೇವಿಸಿದವರಲ್ಲಿ ಅಸ್ಥಿ ಫ್ಲೋರೋಸಿಸ್ ಉಂಟಾಗಬಹುದು. ಕೀಲುನೋವು, ಬೆನ್ನುಮೂಳೆ ಮತ್ತು ಕುತ್ತಿಗೆಯ ಬಿಗಿತ, ಅಸ್ಥಿಬಂಧಗಳಲ್ಲಿ ಸುಣ್ಣದಂಶ ಸೇರುವುದು ಇದರ ಲಕ್ಷಣಗಳು. ಹೊರನೋಟಕ್ಕೆ ಇದು ವ್ಯಾಯಾಮವಿಲ್ಲದೆ ಬಂದ ಬಿಗಿತದಂತೆಯೇ ಕಾಣುತ್ತದೆ. ಅಂಥವರ ಬೆನ್ನನ್ನು ಬಲವಂತವಾಗಿ ಬಾಗಿಸುವುದಾಗಲಿ, ಹೆಗಲ ಮೇಲೆ ಭಾರ ಹೇರಿ ಆಳವಾಗಿ ಕೂರಿಸುವುದಾಗಲಿ ಅಪಾಯಕಾರಿ. ರೋಗನಿರ್ಣಯ ತರಬೇತುದಾರರ ಕೆಲಸವಲ್ಲ. ದೀರ್ಘಕಾಲದ ಬಿಗಿತವಿರುವ ಅಭ್ಯಾಸಿಯನ್ನು ವೈದ್ಯರ ಬಳಿಗೆ ಕಳುಹಿಸುವುದು ಮತ್ತು ಅಲ್ಲಿಯವರೆಗೆ ನೋವಿಲ್ಲದ ಪರಿಧಿಯೊಳಗೆ ಲಘು ಚಲನೆಗಳನ್ನು ಮಾತ್ರ ಮಾಡಿಸುವುದು ಅವರ ಹೊಣೆ.

ದುಡಿಮೆ

ಅಭ್ಯಾಸಿಯ ದಿನನಿತ್ಯದ ದೈಹಿಕ ಶ್ರಮವೂ ತರಬೇತಿಯ ಲೆಕ್ಕಕ್ಕೆ ಸೇರಬೇಕು. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ 15 ಕಿಲೋ ಬಾಕ್ಸ್‌ಗಳ ಲೆಕ್ಕದಲ್ಲಿ ಹರಾಜಾಗುತ್ತದೆ. ಒಬ್ಬ ಹಮಾಲಿ ದಿನಕ್ಕೆ 200 ಬಾಕ್ಸ್ ಎತ್ತಿದರೆ ಒಟ್ಟು 3000 ಕಿಲೋ ಎತ್ತಿದಂತಾಗುತ್ತದೆ. ಅಂಥವರಿಗೆ ಸಂಜೆ ಮತ್ತೆ ಬೆನ್ನಿಗೆ ಭಾರ ಕೊಡುವ ವ್ಯಾಯಾಮ ನೀಡಿದರೆ ಆಯಾಸ ಕೂಡುತ್ತದೆಯೇ ಹೊರತು ಬಲ ಕೂಡುವುದಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಕಾರ್ಮಿಕರಿಗೂ ಶ್ರೀನಿವಾಸಪುರದ ಮಾವಿನ ಕೊಯ್ಲಿನ ದಿನಗಳಲ್ಲಿ ದುಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ದುಡಿಮೆಯ ಹಂಗಾಮಿನಲ್ಲಿ ತರಬೇತಿಯನ್ನು ವಾರಕ್ಕೆ 1–2 ದಿನಗಳಿಗೆ ಇಳಿಸಿ, ಕೆಲಸದಲ್ಲಿ ಬಳಕೆಯಾಗದ ಚಲನೆಗಳಿಗೆ ಆದ್ಯತೆ ನೀಡಬೇಕು. ಇದಕ್ಕೆ ವಿರುದ್ಧವಾಗಿ ಇಡೀ ದಿನ ಕುಳಿತು ಕೆಲಸ ಮಾಡುವವರಿಗೆ ಕಾಲು, ಸೊಂಟ ಮತ್ತು ಬೆನ್ನಿನ ಹಿಂಭಾಗದ ವ್ಯಾಯಾಮಗಳು ಹೆಚ್ಚಾಗಿ ಬೇಕಾಗುತ್ತವೆ.

ಚಲನೆ ಮತ್ತು ಬಲದ ಪರೀಕ್ಷೆ

ಕುಕ್ಕರುಗಾಲಿನಲ್ಲಿ ಕೂತು ಏಳುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಕೈಗಳನ್ನು ನೇರವಾಗಿ ಮೇಲೆತ್ತುವುದು ಮೊದಲಾದ ಸರಳ ಚಲನೆಗಳನ್ನು ಗಮನಿಸಲಾಗುತ್ತದೆ. ಆರಂಭಿಕರನ್ನು ಗರಿಷ್ಠ ಭಾರ ಎತ್ತಿಸಿ ಪರೀಕ್ಷಿಸುವ ಅಗತ್ಯವಿಲ್ಲ. ಎತ್ತಿದ ಭಾರವನ್ನು (1 + ರೆಪ್ ಸಂಖ್ಯೆ ÷ 30) ಎಂಬುದರಿಂದ ಗುಣಿಸುವ ಎಪ್ಲಿ ಸೂತ್ರದಿಂದ ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರವನ್ನು ಅಂದಾಜು ಮಾಡಬಹುದು. ಉದಾಹರಣೆಗೆ, 40 ಕಿಲೋ ಬಾರ್ಬೆಲ್ ಹೊತ್ತು 10 ಸ್ಕ್ವಾಟ್ ಮಾಡಬಲ್ಲವರ ಗರಿಷ್ಠ ಭಾರ ಸುಮಾರು 53 ಕಿಲೋ. ಅದರ ಶೇ. 70 ಎಂದರೆ ಸುಮಾರು 37 ಕಿಲೋ. ರೆಪ್ ಸಂಖ್ಯೆ 10ಕ್ಕಿಂತ ಹೆಚ್ಚಿದಂತೆ ಈ ಅಂದಾಜಿನ ನಿಖರತೆ ಕಡಿಮೆಯಾಗುತ್ತದೆ.

ಕಾರ್ಯಕ್ರಮದ ಅಂಶಗಳು

ವ್ಯಾಯಾಮಗಳ ಆಯ್ಕೆ

ಸ್ನಾಯುಗಳ ಹೆಸರಿನ ಬದಲು ಚಲನೆಗಳ ಆಧಾರದ ಮೇಲೆ ಆಯ್ಕೆ ಮಾಡಿದರೆ ದೇಹದ ಯಾವ ಭಾಗವೂ ಬಿಟ್ಟುಹೋಗುವುದಿಲ್ಲ:

• ಕೂತು ಏಳುವುದು: ಬಸ್ಕಿ, ಸ್ಕ್ವಾಟ್
• ಸೊಂಟದಿಂದ ಬಾಗಿ ಎತ್ತುವುದು: ಡೆಡ್‌ಲಿಫ್ಟ್
• ತಳ್ಳುವುದು: ದಂಡ, ಬೆಂಚ್ ಪ್ರೆಸ್, ತಲೆಯ ಮೇಲೆ ಭಾರ ಎತ್ತುವುದು
• ಎಳೆಯುವುದು: ಪುಲ್‌ಅಪ್, ಡಂಬೆಲ್ ರೋ
• ಹೊತ್ತು ನಡೆಯುವುದು: ಎರಡೂ ಕೈಗಳಲ್ಲಿ ಸಮಭಾರ ಹಿಡಿದು ನಡೆಯುವುದು
• ನಡುವನ್ನು ಬಿಗಿಹಿಡಿಯುವುದು: ಪ್ಲ್ಯಾಂಕ್

ಹೆಚ್ಚು ಕೀಲುಗಳನ್ನು ಬಳಸುವ, ಹೆಚ್ಚು ಏಕಾಗ್ರತೆ ಬೇಡುವ ವ್ಯಾಯಾಮಗಳನ್ನು ಮೊದಲು ಮಾಡಿ, ತೋಳು ಅಥವಾ ಮೀನಖಂಡದಂತಹ ಒಂದೇ ಭಾಗದ ವ್ಯಾಯಾಮಗಳನ್ನು ಕೊನೆಗೆ ಇಡಲಾಗುತ್ತದೆ. ಜಿಮ್ ಇಲ್ಲದ ಹಳ್ಳಿಗಳಲ್ಲಿ ದಂಡ, ಬಸ್ಕಿ ಮತ್ತು ಮರಳಿನ ಚೀಲದಿಂದಲೂ ಪೂರ್ಣ ಕಾರ್ಯಕ್ರಮ ರೂಪಿಸಬಹುದು. ಚೀಲದ ತೂಕವನ್ನು ಅಳೆದು ಬರೆದಿಟ್ಟುಕೊಳ್ಳುವುದು ಮಾತ್ರ ಅವಶ್ಯಕ.

ಭಾರ, ಸೆಟ್ ಮತ್ತು ವಿಶ್ರಾಂತಿ

ಗುರಿಗೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ. ಗರಿಷ್ಠ ಬಲಕ್ಕಾಗಿ ಗರಿಷ್ಠ ಭಾರದ ಶೇ. 80ಕ್ಕಿಂತ ಹೆಚ್ಚಿನ ಭಾರದಲ್ಲಿ 1–6 ರೆಪ್, ಸೆಟ್‌ಗಳ ನಡುವೆ 2–5 ನಿಮಿಷ ವಿಶ್ರಾಂತಿ ಸಾಮಾನ್ಯ. ಸ್ನಾಯುಗಾತ್ರಕ್ಕಾಗಿ 6–12 ರೆಪ್ ರೂಢಿಯಲ್ಲಿದ್ದರೂ, ಶ್ರಮ ಸಾಕಷ್ಟಿದ್ದರೆ ಇದಕ್ಕಿಂತ ಹಗುರ ಭಾರದಿಂದಲೂ ಗಾತ್ರ ಬೆಳೆಯುತ್ತದೆ. ಸ್ನಾಯು ಸಹನಶಕ್ತಿಗಾಗಿ ಹಗುರ ಭಾರದಲ್ಲಿ 15ಕ್ಕಿಂತ ಹೆಚ್ಚು ರೆಪ್ ಮಾಡಿಸಲಾಗುತ್ತದೆ. ಸ್ಫೋಟಕ ಬಲಕ್ಕೆ ವೇಗವೇ ಮುಖ್ಯವಾದುದರಿಂದ ವೇಗ ಕುಗ್ಗುತ್ತಿದ್ದಂತೆ ಸೆಟ್ ನಿಲ್ಲಿಸಬೇಕು.

ಶ್ರಮದ ತೀವ್ರತೆಯನ್ನು ಅಳೆಯಲು, ಸೆಟ್ ಮುಗಿದಾಗ ಇನ್ನೂ ಎಷ್ಟು ರೆಪ್ ಮಾಡಬಹುದಿತ್ತು ಎಂದು ಅಭ್ಯಾಸಿಯನ್ನು ಕೇಳುವುದು ಸರಳ ವಿಧಾನ. ಆರಂಭಿಕರು 3–4, ಅನುಭವಿಗಳು 1–3 ರೆಪ್ ಉಳಿದಿರುವಾಗ ನಿಲ್ಲಿಸುವುದು ಸೂಕ್ತ.

ಅವಧಿ ವಿಭಜನೆ

ಕ್ರೀಡಾಪಟುವಿನ ವರ್ಷವನ್ನು ಸಿದ್ಧತೆ, ಸ್ಪರ್ಧೆ ಮತ್ತು ಚೇತರಿಕೆ ಎಂಬ ಘಟ್ಟಗಳಾಗಿ ವಿಂಗಡಿಸಲಾಗುತ್ತದೆ. ಸಿದ್ಧತೆಯ ಆರಂಭದಲ್ಲಿ ಒಟ್ಟು ಕೆಲಸ ಹೆಚ್ಚು, ಭಾರ ಮಧ್ಯಮ. ಸ್ಪರ್ಧೆ ಸಮೀಪಿಸಿದಂತೆ ಭಾರ ಮತ್ತು ವೇಗ ಹೆಚ್ಚಿ, ಒಟ್ಟು ಕೆಲಸ ಕಡಿಮೆಯಾಗುತ್ತದೆ. ಪ್ರತಿ 4ರಿಂದ 6 ವಾರಗಳಿಗೊಮ್ಮೆ ಸೆಟ್‌ಗಳನ್ನು ಸುಮಾರು ಅರ್ಧಕ್ಕೆ ಇಳಿಸುವ ಹಗುರ ವಾರವನ್ನು ಸೇರಿಸುವುದು ರೂಢಿ.

ಅನುಭವ ಹೆಚ್ಚಿದಂತೆ ಪ್ರಗತಿ ನಿಧಾನವಾಗುತ್ತದೆ. ಕುಂದಾಪುರ ಭಾಗದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಪದಕ ಗೆದ್ದರು. 2022ರ ಬರ್ಮಿಂಗ್‌ಹ್ಯಾಂ ಕೂಟದ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಪಡೆದರು. ಎರಡು ಎತ್ತುಗಳ ಒಟ್ಟು ಮೊತ್ತದಲ್ಲಿ 20 ಕಿಲೋ ಅಂತರ ಮೂಡಲು ನಾಲ್ಕು ವರ್ಷ ಹಿಡಿಯಿತು, ದೇಹತೂಕದ ವಿಭಾಗವೂ ಬದಲಾಯಿತು. ಹೊಸಬರು ಕೆಲವೇ ತಿಂಗಳಲ್ಲಿ ಕಾಣುವ ಏರಿಕೆಯನ್ನು ಅನುಭವಿಗಳಿಂದ ನಿರೀಕ್ಷಿಸಲಾಗದು.

ಮಾದರಿ ಕಾರ್ಯಕ್ರಮಗಳು

ಆರೋಗ್ಯವಂತ ವಯಸ್ಕ ಆರಂಭಿಕರಿಗೆ 12 ವಾರಗಳು

ಸೋಮವಾರ, ಬುಧವಾರ ಮತ್ತು ಶುಕ್ರವಾರ ತಲಾ 45–60 ನಿಮಿಷ ಇಡೀ ದೇಹದ ತರಬೇತಿ:

• 1–4ನೇ ವಾರ: ಪ್ರತಿ ಚಲನೆಗೆ 2 ಸೆಟ್, 12–15 ರೆಪ್. ಭಂಗಿ ಕಲಿಯುವುದೇ ಗುರಿ.
• 5–8ನೇ ವಾರ: 3 ಸೆಟ್, 8–12 ರೆಪ್. ಕ್ರಮವಾಗಿ ಭಾರ ಏರಿಕೆ.
• 9–11ನೇ ವಾರ: ಮುಖ್ಯ ವ್ಯಾಯಾಮಗಳಿಗೆ 3–4 ಸೆಟ್, 6–8 ರೆಪ್.
• 12ನೇ ವಾರ: ಹಗುರ ತರಬೇತಿ, ಮರುಪರೀಕ್ಷೆ, ಮುಂದಿನ ಯೋಜನೆ.

ಕಬಡ್ಡಿ ಆಟಗಾರರಿಗೆ

ಕಬಡ್ಡಿಯಲ್ಲಿ ರೈಡರ್‌ಗೆ ಕಾಲುಗಳ ಸ್ಫೋಟಕ ಬಲ ಹಾಗೂ ದಿಕ್ಕು ಬದಲಿಸುವ ಸಾಮರ್ಥ್ಯ, ಹಿಡಿಯುವವರಿಗೆ ಕೈಹಿಡಿತ, ಬೆನ್ನು ಮತ್ತು ನಡುವಿನ ಬಲ ಹೆಚ್ಚಾಗಿ ಬೇಕು. ಟೂರ್ನಿಗಳಿಲ್ಲದ ಅವಧಿಯಲ್ಲಿ ವಾರಕ್ಕೆ 3 ದಿನ, ಟೂರ್ನಿಗಳ ಅವಧಿಯಲ್ಲಿ 1–2 ದಿನ ಶಕ್ತಿ ತರಬೇತಿ ಸಾಕು. ತೊಡೆಯ ಹಿಂಭಾಗದ ಸ್ನಾಯುಗಳಿಗಾಗಿ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮವು ವೇಗದ ಓಟವಿರುವ ಕ್ರೀಡೆಗಳಲ್ಲಿ ಆ ಸ್ನಾಯುವಿನ ಗಾಯಗಳನ್ನು ಗಣನೀಯವಾಗಿ ತಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ.

ಪೊಲೀಸ್ ಮತ್ತು ಸೇನಾ ನೇಮಕಾತಿಯ ಅಭ್ಯರ್ಥಿಗಳಿಗೆ

ಪೊಲೀಸ್ ನೇಮಕಾತಿಯ ದೇಹದಾರ್ಢ್ಯ ಪರೀಕ್ಷೆಯಲ್ಲಿ ಓಟ, ಜಿಗಿತ ಮತ್ತು ಗುಂಡು ಎಸೆತ ಇರುವುದರಿಂದ ಅಭ್ಯರ್ಥಿಗೆ ಸಹನಶಕ್ತಿಯೂ ಸ್ಫೋಟಕ ಬಲವೂ ಬೇಕು. ಅತಿಯಾದ ಓಟವು ಸ್ಫೋಟಕ ಬಲದ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು. ಆದ್ದರಿಂದ ಕಠಿಣ ಓಟ ಮತ್ತು ಕಾಲುಗಳ ಭಾರದ ವ್ಯಾಯಾಮವನ್ನು ಬೇರೆ ಬೇರೆ ದಿನಗಳಲ್ಲಿ, ಅಥವಾ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಇಡುವುದು ಒಳಿತು. ಅಧಿಸೂಚನೆ ಹೊರಟ ನಂತರ ಕೆಲವೇ ವಾರಗಳಲ್ಲಿ ಸಿದ್ಧರಾಗಲು ಯತ್ನಿಸುವವರಲ್ಲಿ ಮೊಣಕಾಲ ಕೆಳಗಿನ ಮೂಳೆಯ ನೋವು ಸಾಮಾನ್ಯ. 4–6 ತಿಂಗಳ ಮೊದಲೇ ಆರಂಭಿಸಿದರೆ ಅದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಆಹಾರ ಮತ್ತು ನಿದ್ರೆ

ಭಾರತೀಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನನ್ನು ಐಸಿಎಂಆರ್ 2020ರಲ್ಲಿ ನಿಗದಿಪಡಿಸಿದೆ. ನಿಯಮಿತವಾಗಿ ಶಕ್ತಿ ತರಬೇತಿ ಮಾಡುವವರಿಗೆ 1.4–2 ಗ್ರಾಂ ಸೂಕ್ತವೆಂಬುದು ಕ್ರೀಡಾ ಪೋಷಣೆಯ ತಜ್ಞರ ಸಾಮಾನ್ಯ ಅಭಿಪ್ರಾಯ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರ ಸಲಹೆಯಂತೆ ನಡೆಯಬೇಕು.

ಕೋಲಾರ ಸೀಮೆಯ ರೂಢಿಯ ಆಹಾರವಾದ ರಾಗಿಯಲ್ಲಿ 100 ಗ್ರಾಂಗೆ ಸುಮಾರು 7 ಗ್ರಾಂ ಪ್ರೋಟೀನ್ ಮತ್ತು 300 ಮಿ.ಗ್ರಾಂಗೂ ಮಿಗಿಲಾದ ಕ್ಯಾಲ್ಸಿಯಂ ಇದೆ. ಮುದ್ದೆಯು ಶಕ್ತಿಯನ್ನೂ ಕ್ಯಾಲ್ಸಿಯಂ ಅನ್ನೂ ಕೊಡುತ್ತದೆ, ಆದರೆ ಪ್ರೋಟೀನಿಗೆ ಅದೊಂದೇ ಸಾಲದು. ಒಣ ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಮಿ.ಲೀ. ಹಾಲಿನಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಇರುತ್ತದೆ. ಹುರುಳಿಸಾರು, ಅವರೆಕಾಳು, ಕಡಲೆಕಾಯಿ, ಹಾಲು, ಮೊಸರು, ಮೊಟ್ಟೆ, ಮಾಂಸಗಳ ಮೂಲಕ ಹೆಚ್ಚಿನವರು ದುಬಾರಿ ಪುಡಿಗಳಿಲ್ಲದೆ ತಮ್ಮ ಅಗತ್ಯವನ್ನು ಪೂರೈಸಿಕೊಳ್ಳಬಹುದು. ಅನಾಬಾಲಿಕ್ ಸ್ಟಿರಾಯ್ಡ್‌ಗಳು ಹೃದಯ, ಯಕೃತ್ತು ಮತ್ತು ಸಂತಾನಶಕ್ತಿಗೆ ಹಾನಿ ಮಾಡುತ್ತವೆ. ಕ್ರೀಡೆಯಲ್ಲಿ ಅವು ನಿಷಿದ್ಧ. ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ರೆಯೂ ಕಾರ್ಯಕ್ರಮದ ಭಾಗವೆಂದೇ ಪರಿಗಣಿತವಾಗಿದೆ.

ವಿಶೇಷ ವರ್ಗಗಳು

ಮಕ್ಕಳು ಮತ್ತು ಹದಿಹರೆಯದವರು: ಭಾರ ಎತ್ತಿದರೆ ಎತ್ತರ ಕುಂಠಿತವಾಗುತ್ತದೆಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. ಅರ್ಹರ ಮೇಲ್ವಿಚಾರಣೆಯಲ್ಲಿ, ಭಂಗಿಗೆ ಆದ್ಯತೆ ನೀಡಿ ಮಾಡಿಸುವ ತರಬೇತಿ ಸುರಕ್ಷಿತ.

ಮಹಿಳೆಯರು: ತತ್ತ್ವಗಳಲ್ಲಿ ವ್ಯತ್ಯಾಸವಿಲ್ಲ. ಶಕ್ತಿ ತರಬೇತಿಯು ಮೂಳೆಗಳ ಸಾಂದ್ರತೆಯನ್ನು ಕಾಪಾಡಲು ನೆರವಾಗುತ್ತದೆ. ಮುಟ್ಟು ನಿಂತ ನಂತರದ ವಯಸ್ಸಿನಲ್ಲಿ ಇದು ಹೆಚ್ಚು ಮಹತ್ವದ್ದು.

ಹಿರಿಯರು: ವಯಸ್ಸಾದಂತೆ ಸ್ನಾಯುಗಳು ಕ್ಷೀಣಿಸುತ್ತವೆ. ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ತಿಳಿಸುತ್ತದೆ. ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸ ಹಿರಿಯರಿಗೆ ಒಳ್ಳೆಯ ಆರಂಭ.

ಅಪಾಯಗಳು ಮತ್ತು ಸುರಕ್ಷತೆ

ಮೊದಲ ದಿನವೇ ನೂರಾರು ಬಸ್ಕಿ ಮಾಡಿಸುವುದು, ಅಥವಾ ಶಿಕ್ಷೆಯ ರೂಪದಲ್ಲಿ ಬಸ್ಕಿ ಹೊಡೆಸುವುದು ಅಪಾಯಕಾರಿ. ರೂಢಿಯಿಲ್ಲದ ಅತಿಶ್ರಮದಿಂದ ಸ್ನಾಯುತಂತುಗಳು ಒಡೆದು, ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಹಾನಿಗೊಳಿಸಬಲ್ಲದು. ಈ ಸ್ಥಿತಿಗೆ ರಾಬ್ಡೋಮಯೋಲಿಸಿಸ್ ಎಂದು ಹೆಸರು. ವಿಪರೀತ ಸ್ನಾಯುನೋವು, ಊತ ಮತ್ತು ಕಡುಕಂದು ಬಣ್ಣದ ಮೂತ್ರ ಇದರ ಸೂಚನೆಗಳು. ಇವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ವ್ಯಾಯಾಮದ ವೇಳೆ ಎದೆನೋವು, ಉಸಿರುಕಟ್ಟುವಿಕೆ ಅಥವಾ ಪ್ರಜ್ಞೆ ತಪ್ಪುವಿಕೆ ಉಂಟಾದರೂ ಅಭ್ಯಾಸ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಬೇಕು.

ಪ್ರತಿ ತರಬೇತಿಯನ್ನು 5–10 ನಿಮಿಷಗಳ ಲಘು ಚಲನೆಯಿಂದ ಆರಂಭಿಸಿ, ಮುಖ್ಯ ವ್ಯಾಯಾಮವನ್ನು ಹಗುರ ಭಾರದಲ್ಲಿ ಒಂದೆರಡು ಸೆಟ್ ಮಾಡಿದ ನಂತರ ನಿಗದಿತ ಭಾರಕ್ಕೆ ಹೋಗಬೇಕು. ಬೆಂಚ್ ಪ್ರೆಸ್ ಮತ್ತು ಭಾರವಾದ ಸ್ಕ್ವಾಟ್‌ಗಳಲ್ಲಿ ನೆರವಿಗೆ ಇನ್ನೊಬ್ಬರು ಇರಬೇಕು.

ದಾಖಲೆ ಮತ್ತು ಪರಿಷ್ಕರಣೆ

ದಿನಾಂಕ, ವ್ಯಾಯಾಮ, ಭಾರ, ಸೆಟ್, ರೆಪ್, ಉಳಿದ ರೆಪ್‌ಗಳ ಅಂದಾಜು, ನಿದ್ರೆ ಮತ್ತು ನೋವಿನ ವಿವರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಸೆಟ್, ರೆಪ್ ಮತ್ತು ಭಾರಗಳ ಗುಣಲಬ್ಧವು ಒಟ್ಟು ಕೆಲಸವನ್ನು ಸೂಚಿಸುತ್ತದೆ. ಉದಾಹರಣೆಗೆ, 40 ಕಿಲೋ ಭಾರದಲ್ಲಿ 10 ರೆಪ್‌ನ 3 ಸೆಟ್ ಎಂದರೆ 1200 ಕಿಲೋ. ಸತತ 2–3 ವಾರ ಪ್ರಗತಿ ನಿಂತಾಗ ಮೊದಲು ನಿದ್ರೆ, ಆಹಾರ ಮತ್ತು ಹೊರಗಿನ ದುಡಿಮೆಯನ್ನು ಪರಿಶೀಲಿಸಿ, ನಂತರವೇ ವ್ಯಾಯಾಮವನ್ನು ಬದಲಿಸಬೇಕು. ನೋವು ಎರಡು ತರಬೇತಿಗಳಲ್ಲಿ ಮರುಕಳಿಸಿದರೆ ಆ ವ್ಯಾಯಾಮದ ಭಾರ ಇಳಿಸಬೇಕು ಅಥವಾ ಬದಲಿ ಚಲನೆಯನ್ನು ಆರಿಸಬೇಕು. ನೋವು ಮುಂದುವರಿದರೆ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್‌ರನ್ನು ಕಾಣಬೇಕು.